ನಂದಿಯ ತಪ್ಪಲಿನಲ್ಲಿ ಒಂದು ದಿನ

ದ್ರಾಕ್ಷಾರಸದ ಹೆಸರೆತ್ತಿದೊಡನೆ ಗೃಹಸ್ಥರು ಹುಬ್ಬು ಗಂಟಿಕ್ಕುವುದು ಸಹಜ. ಆದರೂ ಏಳೆಂಟು ಮಂದಿ ಬಲ್ಲ ಮಾರ್ಗದರ್ಶಿಯೊಬ್ಬನೊಡನೆ ನಂದಿಬೆಟ್ಟದ ಸೀಮೆಯಲ್ಲಿ ಕಳೆಯುವ ದಿನವು ಬರಿಯ ಪಾನಗೋಷ್ಠಿಯಲ್ಲವೆಂಬುದು ನಮ್ಮ ಅಭಿಪ್ರಾಯ.

1,478 ಮೀಟರು ಎತ್ತರದ ಬೆಟ್ಟದ ಮೇಲೆ ಪ್ರಾತಃಕಾಲದ ಮಂಜನ್ನು ಕಂಡು ಕೆಳಗಿಳಿದರೆ ದ್ರಾಕ್ಷಿಯ ತೋಟಗಳು. ಈ ಸೀಮೆಯ ‘ಬೆಂಗಳೂರು ನೀಲಿ’ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತು ದೊರೆಯಿತು. ದೊಡ್ಡಬಳ್ಳಾಪುರದ ಬಳಿ ಗ್ರೋವರ್ ಮನೆತನದವರು 1988ರಲ್ಲಿ ಫ್ರಾನ್ಸ್ ದೇಶದ ತಳಿಗಳ ಕೃಷಿಗೆ ತೊಡಗಿದರು. ಶೀತದೇಶಗಳಲ್ಲಿ ಚಳಿಗಾಲವು ಬಳ್ಳಿಯನ್ನು ಮಲಗಿಸುತ್ತದೆ. ಇಲ್ಲಿ ಅದಕ್ಕೆ ನಿದ್ರೆಯಿಲ್ಲ. ಆದುದರಿಂದ ವೈನಿನ ತಳಿಗಳನ್ನು ವರ್ಷಕ್ಕೆರಡಾವರ್ತಿ ಸವರಿ, ಒಂದೇ ಫಸಲು ಪಡೆಯುತ್ತಾರೆ. ಜೀವನದಿಯಿಲ್ಲದ ಸೀಮೆಯಿದು. ಕೊಳವೆಬಾವಿಯ ನೀರನ್ನು ಬೇರಿಗೆ ಹನಿಹನಿಯಾಗಿ ಉಣಿಸುವುದನ್ನು ಕಂಡವನು ಬಟ್ಟಲಲ್ಲಿರುವುದನ್ನು ಹಗುರಾಗಿ ಚೆಲ್ಲಲಾರನು.

ಕಾಯಿಸದೆ ಹುದುಗಿಸಿದುದು ಆಸವ, ಕಷಾಯಮಾಡಿ ಹುದುಗಿಸಿದುದು ಅರಿಷ್ಟ ಎಂದು ಆಯುರ್ವೇದದಲ್ಲಿ ವಿಭಾಗವುಂಟು. ಈ ಲೆಕ್ಕದಲ್ಲಿ ವೈನು ಆಸವಕ್ಕೆ ಸಮೀಪದ್ದು. ಕಪ್ಪುಹಣ್ಣನ್ನು ಸಿಪ್ಪೆಸಹಿತ ಹುದುಗಿಸಿದರೆ ಕೆಂಪು. ರಸವನ್ನು ಬೇರ್ಪಡಿಸಿ ಹುದುಗಿಸಿದರೆ ಬಿಳಿ.

ಮಧ್ಯಾಹ್ನಕ್ಕೆ ಬಿಸಿ ರಾಗಿಮುದ್ದೆ, ಬಸ್ಸಾರು ಇದ್ದರೆ ಮತ್ತೇನು ಬೇಕು! ರುಚಿನೋಡುವಾಗ ಗುಟುಕೇ ಸಾಕು. ಮೊದಲು ಬಣ್ಣ, ಆಮೇಲೆ ಗಂಧ, ಕಡೆಯಲ್ಲಿ ನಾಲಗೆ. ಒಲ್ಲೆನೆಂದವರನ್ನು ಬಲವಂತಪಡಿಸುವುದು ಶಿಷ್ಟಾಚಾರವಲ್ಲ. ಅವರಿಗೆ ತೋಟದ ಹಣ್ಣೇ ಉಂಟು. ಗಾಡಿ ನಡೆಸುವವನಂತೂ ಮುಟ್ಟಲೇಕೂಡದು.

ಕುಡಿದುದು ಸಂಜೆಗೆ ಮರೆತುಹೋದೀತು. ಕಲ್ಲುಸೀಮೆಯಲ್ಲಿ ಬಳ್ಳಿಯನ್ನು ಸಾಕುವ ಕೈಗಳ ಶ್ರಮವು ಮನಸ್ಸಿನಲ್ಲಿ ಉಳಿದರೆ, ಆ ದಿನವು ಸಾರ್ಥಕ.