ಮರಿಯನ್ನು ತಾಯಿಗೆ ಒಪ್ಪಿಸುವ ವಿದ್ಯೆ

ತಾಯಿಯಿಂದ ಬೇರಾದ ಅಥವಾ ಗಾಯಗೊಂಡ ಕಾಡುಪ್ರಾಣಿಯ ಮರಿಯನ್ನು ಉಳಿಸಿ ಮತ್ತೆ ಕಾಡಿಗೆ ಸೇರಿಸುವುದನ್ನು ಅರಣ್ಯ ಇಲಾಖೆ ‘ರಕ್ಷಣೆ ಮತ್ತು ಪುನರ್ವಸತಿ’ ಎಂದು ಕರೆಯುತ್ತದೆ. ಪಶುವೈದ್ಯರು, ಅರಣ್ಯ ರಕ್ಷಕರು, ಮೃಗಾಲಯದ ಪ್ರಾಣಿಪಾಲಕರು, ಹೊಲದಲ್ಲಿ ಮರಿಯನ್ನು ಕಂಡ ರೈತರು, ಕುರಿಗಾಹಿಗಳು ಎಲ್ಲರೂ ಕೈಜೋಡಿಸಿದರೆ ಮಾತ್ರ ಇದು ನಡೆಯುತ್ತದೆ. ಇವರೆಲ್ಲರಲ್ಲಿ ಮರಿಯನ್ನು ಮೊದಲು ಕಂಡವರ ಪಾಲೇ ದೊಡ್ಡದು. ಅದು ಕಾಡಿನಲ್ಲಿ ಬೆಳೆಯುವುದೋ ಬೋನಿನಲ್ಲಿ ಬೆಳೆಯುವುದೋ ಎಂಬುದು ಹೆಚ್ಚಾಗಿ ಮೊದಲ ಒಂದೆರಡು ಗಂಟೆಯಲ್ಲೇ ತೀರ್ಮಾನವಾಗಿಬಿಡುತ್ತದೆ.

ಚಿತ್ರದುರ್ಗದ ಬೆನ್ನಿಗಿರುವ ಜೋಗಿಮಟ್ಟಿಯಲ್ಲಿ ಈ ಕೆಲಸಕ್ಕೆ ವಿಶೇಷ ಮಹತ್ವವಿದೆ. 2015ರಲ್ಲಿ ವನ್ಯಜೀವಿ ಧಾಮವೆಂದು ಘೋಷಣೆಯಾದ ಈ ಕಾಡಿನ ವಿಸ್ತಾರ ಸುಮಾರು 100 ಚದರ ಕಿಲೋಮೀಟರ್. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಹಳ್ಳಿಗಳು ಇದರ ಸುತ್ತ ಇವೆ. ತಂಪುಗಾಳಿಯ ಕಾರಣಕ್ಕೆ ಇದನ್ನು ಮಧ್ಯ ಕರ್ನಾಟಕದ ಊಟಿ ಎನ್ನುವುದುಂಟು. ಆದರೂ ಇದು ಬಯಲುಸೀಮೆಯ ಕಾಡೇ: ಕುರುಚಲು ಗಿಡ, ಎಲೆ ಉದುರುವ ಮರ, ಬಂಡೆ, ಹುಲ್ಲು. ಬಂಡೆಗಳ ಸಂದಿನಲ್ಲಿ ಚಿರತೆ, ಕರಡಿ, ಮುಳ್ಳುಹಂದಿ. ಹುಲ್ಲು ಪೊದೆಗಳಲ್ಲಿ ಜಿಂಕೆ, ಮೊಲ, ಕಾಡುಹಂದಿ, ನವಿಲು. ಕಾಡು ಮುಗಿಯುವಲ್ಲೇ ಮೆಕ್ಕೆಜೋಳ, ಶೇಂಗಾ ಹೊಲಗಳು ಶುರುವಾಗುತ್ತವೆ.

ಯುರೋಪಿನಲ್ಲಿ ವಸಂತವೆಂದರೆ ಹಿಮ ಕರಗಿ ಹುಲ್ಲು ಚಿಗುರುವ ಕಾಲ, ಮರಿಗಳೂ ಆ ಸಮೃದ್ಧಿಯ ಲೆಕ್ಕಕ್ಕೇ ಹುಟ್ಟುತ್ತವೆ. ಇಲ್ಲಿ ಶಿವರಾತ್ರಿ ಕಳೆಯುವಷ್ಟರಲ್ಲಿ ಎಲೆ ಉದುರಿ ಮರೆ ತೆಳುವಾಗಿರುತ್ತದೆ. ಯುಗಾದಿಯ ಹೊತ್ತಿಗೆ ಮರ ಚಿಗುರಿದರೂ ನೆಲ ಒಣಗಿಯೇ ಇರುತ್ತದೆ. ಹಳ್ಳಗಳಲ್ಲಿ ನೀರಿಲ್ಲ, ಕಾಳ್ಗಿಚ್ಚಿನ ಭಯ ಬೇರೆ. ಚಳಿಗಾಲದಲ್ಲಿ ಹುಟ್ಟಿದ ಕರಡಿ ಮರಿಗಳು ತಾಯಿಯ ಜೊತೆ ಗುಹೆಯಿಂದ ಹೊರಬರುವುದು, ಕೋತಿಗಳು ಹಸುಗೂಸನ್ನು ಹೊಟ್ಟೆಗೆ ಅವಚಿಕೊಂಡು ತಿರುಗುವುದು, ಪೊಟರೆಗಳಲ್ಲಿ ಗಿಳಿ, ಗೂಬೆಗಳು ಮರಿ ಮಾಡುವುದು ಈ ತಿಂಗಳುಗಳಲ್ಲೇ. ಚಿರತೆ ವರ್ಷದ ಯಾವ ಕಾಲದಲ್ಲಾದರೂ ಮರಿ ಹಾಕುತ್ತದೆ. ನೀರು ಹುಡುಕಿ ಬಂದ ತಾಯಿ ಹೆದ್ದಾರಿಯಲ್ಲಿ ವಾಹನಕ್ಕೆ ಸಿಕ್ಕುವುದು, ಕಟ್ಟೆಯಿಲ್ಲದ ಬಾವಿಗೆ ಬೀಳುವುದು, ಕಾಡುಹಂದಿಗೆಂದು ಒಡ್ಡಿದ ಉರುಳಿಗೆ ಕೊರಳು ಕೊಡುವುದು ಇವೆಲ್ಲ ಮರಿಗಳನ್ನು ನಿಜವಾಗಿ ಅನಾಥವಾಗಿಸುವ ಕಾರಣಗಳು.

ಆದರೆ ಒಂಟಿಯಾಗಿ ಕಂಡ ಮರಿಗಳಲ್ಲಿ ಅನಾಥವಲ್ಲದವು ಎಷ್ಟೋ ಇರುತ್ತವೆ. ಹುಟ್ಟಿದ ಮೊದಲ ದಿನಗಳಲ್ಲಿ ಜಿಂಕೆಯ ಮರಿಗೆ ತಾಯಿಯ ಹಿಂದೆ ಓಡುವ ಶಕ್ತಿ ಇರುವುದಿಲ್ಲ. ತಾಯಿ ಅದನ್ನು ಹುಲ್ಲಿನಲ್ಲಿ ಮಲಗಿಸಿ ತಾನು ದೂರದಲ್ಲಿ ಮೇಯುತ್ತದೆ. ಹತ್ತಿರವೇ ಸುಳಿದಾಡಿದರೆ ಮರಿಯ ಜಾಗ ಚಿರತೆಗೆ ತಿಳಿದುಬಿಡುತ್ತದೆ ಎಂಬ ಎಚ್ಚರ ಅದಕ್ಕೆ ಹುಟ್ಟಿನಿಂದಲೇ ಬಂದದ್ದು. ಮರಿಯೂ ಕಿವಿ ಮಡಚಿ, ಕೊರಳು ನೆಲಕ್ಕೆ ಹಚ್ಚಿ ಅಲುಗಾಡದೆ ಬಿದ್ದಿರುತ್ತದೆ. ಹಾದುಹೋಗುವವರಿಗೆ ಇದು ನಿತ್ರಾಣವಾಗಿ ಬಿದ್ದಂತೆ ಕಾಣುತ್ತದೆ. ಮೊಲದ ಮರಿ ಕಣ್ಣು ತೆರೆದು, ಮೈತುಂಬ ಕೂದಲು ಹೊತ್ತೇ ಹುಟ್ಟುತ್ತದೆ. ತಾಯಿ ಹಾಲೂಡಿಸಲು ಬರುವುದು ಬಹುಮಟ್ಟಿಗೆ ಕತ್ತಲಾದ ಮೇಲೆ. ಹಗಲಿಡೀ ಕಾದು ತಾಯಿ ಬರಲಿಲ್ಲ ಎನ್ನುವವರು ತಪ್ಪಾದ ಹೊತ್ತಿನಲ್ಲಿ ಕಾದಿರುತ್ತಾರೆ. ರೆಕ್ಕೆ ಬಲಿಯುತ್ತಿರುವ ಹಕ್ಕಿಮರಿ ಗೂಡು ಬಿಟ್ಟು ಕೆಲವು ದಿನ ನೆಲದಲ್ಲಿ, ತಗ್ಗಿನ ಕೊಂಬೆಗಳಲ್ಲಿ ಕುಪ್ಪಳಿಸುತ್ತಿರುವುದು ಹಾರಲು ಕಲಿಯುವ ಹಂತ. ಅಪ್ಪ ಅಮ್ಮ ಅಲ್ಲೇ ಬಂದು ಉಣಿಸುತ್ತವೆ. ಗೂಡಿನಿಂದ ಬಿದ್ದ ಬೋಳುಮರಿಯನ್ನು ಮಾತ್ರ ಎತ್ತಿ ಗೂಡಿಗಿಡಬೇಕು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿಹಕ್ಕಿ ಸೇರಿಸುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ. ಮೈಮೇಲೆ ಗಾಯ, ನೊಣ ಮುತ್ತಿರುವುದು, ಮೈ ತಣ್ಣಗಾಗಿರುವುದು, ಬಿಡದೆ ಕೂಗುವುದು, ಪಕ್ಕದಲ್ಲಿ ತಾಯಿಯ ಹೆಣ ಇವು ಮರಿಗೆ ನೆರವು ಬೇಕೆನ್ನುವ ಗುರುತುಗಳು.

ಹೊಲದಲ್ಲಿ ಸಿಕ್ಕುವ ಚಿರತೆ ಮರಿಯ ವಿಷಯ ಎಲ್ಲಕ್ಕಿಂತ ಸೂಕ್ಷ್ಮ. ಮೂರು ತಿಂಗಳ ಬಸಿರಿನ ಬಳಿಕ ಎರಡು ಮೂರು ಮರಿ ಹಾಕುವ ಚಿರತೆ ಅವನ್ನು ಜಾಗ ಬದಲಿಸುತ್ತ ಅಡಗಿಸಿಡುತ್ತದೆ. ಎತ್ತರದ ಬೆಳೆ ಅದಕ್ಕೆ ಒಳ್ಳೆಯ ಮರೆ. ಕಟಾವಿನ ದಿನ ಮರಿಗಳು ಕಂಡರೆ ಊರು ಸೇರುತ್ತದೆ, ಮೊಬೈಲುಗಳು ಹೊರಬರುತ್ತವೆ, ಮರಿಗಳು ಕೈಯಿಂದ ಕೈಗೆ ದಾಟುತ್ತವೆ. ಎಷ್ಟೋ ಸಲ ಅವು ಕಾಡುಬೆಕ್ಕಿನ ಮರಿಗಳಾಗಿರುವುದೂ ಉಂಟು. ಯಾವುದೇ ಆಗಿರಲಿ, ಸರಿಯಾದ ಕ್ರಮ ಒಂದೇ. ಹೊಲದ ಕೆಲಸ ನಿಲ್ಲಿಸಿ, ಜನ ದೂರ ಸರಿದು, ಇಲಾಖೆಗೆ ತಿಳಿಸಬೇಕು. ವೈದ್ಯರು ಮರಿಗಳನ್ನು ತೂಗಿ, ಉಣ್ಣಿ ಕಿತ್ತು, ಗಾಯವಿದೆಯೇ ಎಂದು ನೋಡುತ್ತಾರೆ. ಸಂಜೆಯಾಗುತ್ತಲೇ ಸಿಕ್ಕಿದ ಜಾಗದಲ್ಲೇ, ಮರಿ ಹತ್ತಿ ಹೊರಬಾರದಷ್ಟು ಆಳದ, ಆದರೆ ತಾಯಿ ಬಾಯಿ ಹಾಕಿ ಎತ್ತಬಲ್ಲ ಬುಟ್ಟಿಯಲ್ಲಿ ಅವನ್ನಿಟ್ಟು, ಕ್ಯಾಮೆರಾ ಟ್ರ್ಯಾಪ್ ಕಟ್ಟಿ ಎಲ್ಲರೂ ಹಿಂದಕ್ಕೆ ಹೋಗುತ್ತಾರೆ. ಕತ್ತಲಲ್ಲಿ ತಾಯಿ ಬಂದು ಒಂದೊಂದೇ ಮರಿಯನ್ನು ಕತ್ತಿನ ಚರ್ಮ ಹಿಡಿದು ಒಯ್ಯುತ್ತದೆ. ಮೊದಲ ರಾತ್ರಿ ಬರದಿದ್ದರೆ ಮಾರನೆಯ ರಾತ್ರಿಯೂ ಪ್ರಯತ್ನ ಮುಂದುವರಿಯುತ್ತದೆ. ಮಹಾರಾಷ್ಟ್ರದ ಜುನ್ನರ್ ಸೀಮೆಯ ಕಬ್ಬಿನ ಗದ್ದೆಗಳಲ್ಲಿ ಅಲ್ಲಿನ ಅರಣ್ಯ ಇಲಾಖೆ ಮತ್ತು ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಇದೇ ಬಗೆಯಲ್ಲಿ ಬಹಳಷ್ಟು ಮರಿಗಳನ್ನು ತಾಯಿಗೆ ಒಪ್ಪಿಸಿವೆ. ಮರಿಗಳನ್ನು ಮೃಗಾಲಯಕ್ಕೆ ಸಾಗಿಸಿಬಿಟ್ಟರೆ ಅವು ಜೀವನವಿಡೀ ಬೋನಿನಲ್ಲಿ ಉಳಿಯುತ್ತವೆ. ಮರಿ ಕಳೆದುಕೊಂಡ ಚಿರತೆ ಅದೇ ಹೊಲಗಳ ಸುತ್ತ ಹುಡುಕಾಡುತ್ತ ಊರಿನವರಿಗೂ ಅಪಾಯ ತರುತ್ತದೆ. ಒಂದು ರಾತ್ರಿಯ ತಾಳ್ಮೆಯಿಂದ ಎರಡೂ ತಪ್ಪುತ್ತವೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಪ್ರಾಣಿ’ ಎಂಬುದರ ವ್ಯಾಖ್ಯೆಯೊಳಗೇ ಮರಿಗಳೂ ಮೊಟ್ಟೆಗಳೂ ಸೇರಿವೆ. ಮರಿಯನ್ನು ಹಿಡಿಯುವುದು ಕಾನೂನಿನ ಕಣ್ಣಲ್ಲಿ ಬೇಟೆ. ಕಾಯ್ದೆಯ 39ನೇ ಕಲಂ ಪ್ರಕಾರ ಸರ್ಕಾರದ ಸ್ವತ್ತಾದ ಕಾಡುಪ್ರಾಣಿ ಯಾರದೇ ವಶಕ್ಕೆ ಬಂದರೂ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕು. ಮರಿಯ ಜೀವಕ್ಕೆ 48 ಗಂಟೆ ಬಹಳ ದೀರ್ಘ, ಕೂಡಲೇ ತಿಳಿಸುವುದೇ ಒಳ್ಳೆಯದು. ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ 1926.

ನಿಜವಾಗಿ ನೆರವು ಬೇಕಾದ ಎಳೆಮರಿಗೆ ಸಿಬ್ಬಂದಿ ಬರುವವರೆಗೆ ಮಾಡಬೇಕಾದ್ದು ಸ್ವಲ್ಪವೇ. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಹತ್ತಿಬಟ್ಟೆ ಹಾಸಿ, ಮರಿಯನ್ನಿಟ್ಟು, ಮುಚ್ಚಿ, ನೆರಳಿನ ಕಡೆ ಸದ್ದಿಲ್ಲದಲ್ಲಿ ಇರಿಸುವುದು. ನಾಯಿ, ಮಕ್ಕಳು, ಫೋಟೊ ತೆಗೆಯುವವರು ದೂರ ಇರಬೇಕು. ಜಿಂಕೆಯ ಜಾತಿಗಂತೂ ಗದ್ದಲವೇ ಕೊಲ್ಲುವ ವಿಷ: ಅಟ್ಟಿಸಿ ಹಿಡಿದಾಗಿನ ಗಾಬರಿಗೆ ಅದರ ಸ್ನಾಯುಗಳು ಒಳಗೇ ಹಾಳಾಗಿ, ಗಾಯವೇನೂ ಇಲ್ಲದ ಮರಿ ಕೆಲವು ಗಂಟೆ ಅಥವಾ ದಿನಗಳ ನಂತರ ಸತ್ತುಹೋಗುತ್ತದೆ. ಕೋತಿ, ನರಿಗಳ ಮರಿಯನ್ನು ಬರಿಗೈಯಲ್ಲಿ ಮುಟ್ಟಬಾರದು. ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ರೇಬಿಸ್ ಲಸಿಕೆಗಾಗಿ ಆಸ್ಪತ್ರೆಗೆ ಹೋಗಲೇಬೇಕು.

ಹಾಲು ಕುಡಿಸಲು ಹೋಗುವುದೇ ಎಲ್ಲರೂ ಮಾಡುವ, ಎಲ್ಲಕ್ಕಿಂತ ಕೆಡುಕಿನ ಉಪಕಾರ. ತಣ್ಣಗಾದ ಮರಿಯ ಹೊಟ್ಟೆ ಏನನ್ನೂ ಅರಗಿಸಿಕೊಳ್ಳುವುದಿಲ್ಲ. ಮೊದಲು ಮೈ ಬೆಚ್ಚಗಾಗಬೇಕು, ಆಮೇಲೆ ನೀರಿನಂಶ ತುಂಬಬೇಕು, ಆಹಾರ ಕೊನೆಗೆ. ಹಸುವಿನ ಹಾಲಿನಲ್ಲಿ ಕೊಬ್ಬು ಸುಮಾರು ಶೇ 4, ಪ್ರೋಟೀನು ಶೇ 3ಕ್ಕೆ ತುಸು ಹೆಚ್ಚು, ಲ್ಯಾಕ್ಟೋಸ್ ಶೇ 5ರ ಹತ್ತಿರ. ಮಾಂಸಾಹಾರಿಗಳ ತಾಯಿಹಾಲು ಇದಕ್ಕಿಂತ ಬಹಳ ಗಟ್ಟಿ, ಲ್ಯಾಕ್ಟೋಸ್ ಕಡಿಮೆ. ಚಿರತೆ ಮರಿಗೆ ಹಸುವಿನ ಹಾಲು ಕುಡಿಸಿದರೆ ಭೇದಿ ಹತ್ತಿ ಒಂದೆರಡು ದಿನದಲ್ಲೇ ಸೊರಗುತ್ತದೆ. ಹಕ್ಕಿಗಳಿಗೆ ಹಾಲು ಜೀರ್ಣವೇ ಆಗದು. ಅವುಗಳ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದರಿಂದ ಕೊಕ್ಕಿಗೆ ಸುರಿದ ನೀರು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಪ್ರಾಣಿಪಾಲಕರು ಮರಿಯನ್ನು ಅಂಗಾತ ಮಲಗಿಸುವುದಿಲ್ಲ. ತಾಯಿಯ ಬಳಿ ಇರುವಂತೆಯೇ ಹೊಟ್ಟೆ ಕೆಳಗಾಗಿ ಇರಿಸಿ, ಜಾತಿಗೆ ತಕ್ಕ ಹಾಲಿನ ಪುಡಿಯನ್ನು ಹದವಾಗಿ ಕಲಸಿ, ಸ್ವಲ್ಪ ಸ್ವಲ್ಪವೇ ಕೊಡುತ್ತಾರೆ. ಪ್ರತಿ ಸಲ ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗ ಒರೆಸಬೇಕು. ಎಳೆಮರಿಗಳು ತಾಯಿ ನೆಕ್ಕದೆ ಉಚ್ಚೆ ಹೊಯ್ಯುವುದಿಲ್ಲ. ಹಲ್ಲು ಬಂದು ಮಾಂಸಕ್ಕೆ ತಿರುಗಿದಾಗ ಮೂಳೆಯಿಲ್ಲದ ತುಂಡುಗಳನ್ನಷ್ಟೇ ಕೊಟ್ಟರೆ ಸುಣ್ಣದಂಶ ಸಾಲದೆ ಕಾಲುಗಳು ಸೊಟ್ಟಗಾಗುತ್ತವೆ.

ಕರಡಿ ಮರಿಯದು ದೀರ್ಘ ಕಥೆ. ತಾಯಿಯ ಬೆನ್ನೇರಿ ತಿಂಗಳುಗಟ್ಟಲೆ ಸವಾರಿ ಮಾಡುವ ಅದು ಎರಡು ವರ್ಷದ ಆಸುಪಾಸಿನವರೆಗೂ ತಾಯಿಯ ಜೊತೆಗಿದ್ದು ಹುತ್ತ ಕೆದಕಿ ಗೆದ್ದಲು ಹೀರುವುದು, ಯಾವ ಹಣ್ಣು ಯಾವಾಗ ಎಲ್ಲಿ ಎಂಬುದು ಎಲ್ಲವನ್ನೂ ಕಲಿಯುತ್ತದೆ. ಈ ಶಾಲೆಯನ್ನು ಮನುಷ್ಯರು ನಡೆಸುವುದು ಬಹಳ ಕಷ್ಟ. ಅರುಣಾಚಲದ ಪಕ್ಕೆ ಕಾಡಿನಲ್ಲಿ ಅನಾಥ ಕಪ್ಪು ಕರಡಿ ಮರಿಗಳನ್ನು ಪಾಲಕರು ದಿನವೂ ಕಾಡಿನಲ್ಲಿ ನಡೆಸಿಕೊಂಡು ಹೋಗಿ ಅಭ್ಯಾಸ ಮಾಡಿಸಿದ್ದಾರೆ. ಕರ್ನಾಟಕದಲ್ಲಿ ಬನ್ನೇರುಘಟ್ಟದ ಕರಡಿ ರಕ್ಷಣಾ ಕೇಂದ್ರ 2005ರಲ್ಲಿ ಆರಂಭವಾದದ್ದು ಕುಣಿಸುವ ಕರಡಿಗಳಿಗಾಗಿ. ಮರಿಯಲ್ಲೇ ತಾಯಿಯಿಂದ ಕಿತ್ತು, ಮೂಗು ಚುಚ್ಚಿ ಹಗ್ಗ ಪೋಣಿಸಿದ ಆ ಕರಡಿಗಳು ಕಾಡಿಗೆ ಮರಳುವ ಹಂತ ದಾಟಿದ್ದವು. 2009ರಲ್ಲಿ ಕೊನೆಯ ಕುಣಿಯುವ ಕರಡಿಯೂ ಅಲ್ಲಿಗೇ ಬಂತು. ಪ್ರೀತಿಯಿಂದ ಸಾಕಿದ್ದಕ್ಕೂ ಮಿತಿಯಿದೆ ಎಂಬುದಕ್ಕೆ ಬೆಂಗಳೂರಿನ ಬೇಟೆಗಾರ, ಲೇಖಕ ಕೆನೆತ್ ಆಂಡರ್ಸನ್ ಬರೆದಿಟ್ಟ ಅನುಭವ ಸಾಕ್ಷಿ. ತಾಯಿ ಗುಂಡಿಗೆ ಬಲಿಯಾದ ಕರಡಿ ಮರಿಯೊಂದು ಅವರ ಮನೆಯಲ್ಲಿ ಬೆಳೆದು, ದೊಡ್ಡದಾದ ಮೇಲೆ ಮೈಸೂರು ಮೃಗಾಲಯಕ್ಕೆ ಹೋಗಿ, ಮನೆಯವರನ್ನು ನೆನೆದು ಊಟ ಬಿಟ್ಟು ಸೊರಗಿತ್ತು.

ಮನುಷ್ಯನಿಗೆ ಒಗ್ಗಿಹೋಗುವ ಈ ಅಪಾಯವನ್ನು ವಿಜ್ಞಾನ ಚೆನ್ನಾಗಿ ಅರಿತಿದೆ. ಮೊಟ್ಟೆಯೊಡೆದ ಕೂಡಲೇ ಕಂಡವರನ್ನೇ ತಾಯಿಯೆಂದು ಹಿಂಬಾಲಿಸಿದ ಬಾತುಗಳನ್ನು ಅಧ್ಯಯನ ಮಾಡಿದ ಕೊನ್ರಾಡ್ ಲೊರೆನ್ಜ್ 1973ರಲ್ಲಿ ನೊಬೆಲ್ ಪಡೆದವರಲ್ಲೊಬ್ಬರು. ಅಮೆರಿಕದಲ್ಲಿ ಕಾಂಡೋರ್ ಹದ್ದಿನ ಮರಿಗಳಿಗೆ ಕೈಗೆ ಹದ್ದಿನ ತಲೆಯ ಗೊಂಬೆ ಹಾಕಿಕೊಂಡು ಉಣಿಸಿದ್ದು ಇದೇ ಕಾರಣಕ್ಕೆ. ಭಾಗವತದ ಜಡಭರತನ ಕಥೆಯಲ್ಲಿ ತಬ್ಬಲಿ ಜಿಂಕೆಮರಿಯನ್ನು ಸಾಕಿದ ರಾಜರ್ಷಿಯೇ ಮೋಹಕ್ಕೆ ಸಿಕ್ಕಿಬೀಳುತ್ತಾನೆ. ಆಶ್ರಮದ ಹೊರಗಿನ ಲೋಕದಲ್ಲಿ ಅದರ ಬೆಲೆ ತೆರುವುದು ಜಿಂಕೆ. ಮನೆಯಲ್ಲಿ ಬೆಳೆದ ಗಂಡು ಜಿಂಕೆ ಕೊಂಬು ಮೂಡಿದ ಮೇಲೆ ಮನುಷ್ಯರನ್ನೇ ಎದುರಾಳಿ ಎಂದು ತಿವಿಯುತ್ತದೆ, ನಾಯಿಗೆ ಹೆದರುವುದಿಲ್ಲ, ಹಿಂಡು ಸೇರುವುದಿಲ್ಲ. ಹಾಗಾಗಿ ಒಳ್ಳೆಯ ಪಾಲಕರು ಮರಿಗೆ ಹೆಸರಿಡುವುದಿಲ್ಲ, ಮಾತಾಡಿಸುವುದಿಲ್ಲ, ಒಂದೇ ಜಾತಿಯ ಮರಿಗಳನ್ನು ಜೊತೆಗೂಡಿಸುತ್ತಾರೆ.

ಯಾವ ದಾರಿಯೂ ಉಳಿಯದ ಪ್ರಾಣಿಗೆ ಜೋಗಿಮಟ್ಟಿಯ ತಪ್ಪಲಲ್ಲೇ ಆಡುಮಲ್ಲೇಶ್ವರ ಕಿರು ಮೃಗಾಲಯವಿದೆ. ಕರ್ನಾಟಕ ಮೃಗಾಲಯ ಪ್ರಾಧಿಕಾರದ ಅಡಿಯ ಈ ಮೃಗಾಲಯದಲ್ಲಿ ಚಿರತೆ, ಕರಡಿ, ಜಿಂಕೆಗಳಿವೆ. ಬಿಡುಗಡೆಗೆ ತಕ್ಕುದಾದ ಮರಿಯನ್ನು ಮಾತ್ರ ಕಾಡಿಗೇ ಬಿಡಬೇಕು. ತಾನೇ ಮೇಯಬಲ್ಲ ಅಥವಾ ಬೇಟೆಯಾಡಬಲ್ಲ, ವಯಸ್ಸಿಗೆ ತಕ್ಕ ತೂಕವಿರುವ, ಮನುಷ್ಯರನ್ನು ಕಂಡರೆ ಓಡುವ, ರೋಗವಿಲ್ಲದ ಮರಿ ಇದಕ್ಕೆ ಯೋಗ್ಯ. ಜಿಂಕೆಯನ್ನು ಮುಂಗಾರು ಬಿದ್ದು ಹುಲ್ಲು ಚಿಗುರಿ ಹೊಂಡಗಳಿಗೆ ನೀರು ಬಂದ ಮೇಲೆ ಬಿಡುವುದು ಲೇಸು. ಗಿಳಿಗಳನ್ನು ಬೆಳಿಗ್ಗೆ, ಗೂಬೆಗಳನ್ನು ಮುಸ್ಸಂಜೆಗೆ, ಸಾಧ್ಯವಿದ್ದರೆ ಸಿಕ್ಕಿದ ಮರದ ಹತ್ತಿರವೇ ಬಿಡುತ್ತಾರೆ.