ಮರಳಿ ಬಾರದ ಯೋಧರು, ಉಳಿದ ಸುಳಿವುಗಳು

ಯುದ್ಧ ಮುಗಿದ ಮೇಲೆ ಯೋಧನ ಮನೆಗೆ ಮೂರು ಬಗೆಯ ವಾರ್ತೆ ಬರಬಹುದು. ಕ್ಷೇಮವಾಗಿದ್ದಾನೆ ಎಂಬುದು ಒಂದು. ವೀರಮರಣ ಹೊಂದಿದ ಎಂಬುದು ಇನ್ನೊಂದು. ಇವೆರಡೂ ಅಲ್ಲದ ‘ಕಾಣೆಯಾಗಿದ್ದಾರೆ’ ಎಂಬ ಮೂರನೆಯ ವಾರ್ತೆಯೇ ಎಲ್ಲಕ್ಕಿಂತ ಕಠಿನವಾದುದು. 1971ರ ಭಾರತ-ಪಾಕಿಸ್ತಾನ ಯುದ್ಧದ ನಂತರ ಈ ವಾರ್ತೆಯನ್ನು ಪಡೆದ ಹಲವು ಕುಟುಂಬಗಳು ಐದು ದಶಕಗಳಿಂದ ಸುಳಿವುಗಳನ್ನು ಒಂದೊಂದಾಗಿ ಕೂಡಿಡುತ್ತ ಬಂದಿವೆ. 1979ರಲ್ಲಿ ಸರ್ಕಾರವು ಲೋಕಸಭೆಯ ಮುಂದಿಟ್ಟ ಪಟ್ಟಿಯಲ್ಲಿ 40 ಹೆಸರುಗಳಿದ್ದವು. ಮುಂದೆ ಆ ಸಂಖ್ಯೆ 54ಕ್ಕೆ ಏರಿತು. ಆ ಸುಳಿವುಗಳು ಯಾವುವು, ಅವುಗಳ ತೂಕವೆಷ್ಟು ಎಂಬುದನ್ನು ಇಲ್ಲಿ ನೋಡೋಣ.

ಮೊದಲು ನಿಯಮವನ್ನು ತಿಳಿಯಬೇಕು. 1949ರ ಮೂರನೆಯ ಜಿನೀವಾ ಒಪ್ಪಂದದಂತೆ, ಸೆರೆಸಿಕ್ಕ ಯೋಧನು ಶಿಬಿರವನ್ನು ತಲುಪಿದ ಒಂದು ವಾರದೊಳಗೆ ತಾನು ಬಂಧಿತನಾಗಿರುವುದನ್ನು ತಿಳಿಸುವ ಕಾರ್ಡೊಂದನ್ನು ಮನೆಗೂ, ಜಿನೀವಾದಲ್ಲಿರುವ ಕೇಂದ್ರ ಸಂಸ್ಥೆಗೂ ಬರೆಯಲು ಅವಕಾಶ ಕೊಡಬೇಕು. ಆ ಕಾರ್ಡು ತಲುಪಿತೆಂದರೆ ಬಂಧಿಸಿದ ದೇಶವು ಅವನ ಲೆಕ್ಕ ಒಪ್ಪಿಸಲೇಬೇಕಾಗುತ್ತದೆ. ಮುಂದೆ ನಮ್ಮ ಪುಣೆಯಲ್ಲಿಯೇ ನೆಲೆಸಿದ ವಾಯುಪಡೆಯ ದಿಲೀಪ್ ಪರೂಳ್ಕರ್ ಅವರು 1972ರ ಆಗಸ್ಟ್‌ನಲ್ಲಿ ಇಬ್ಬರು ಸಂಗಾತಿಗಳೊಡನೆ ರಾವಲ್ಪಿಂಡಿಯ ಸೆರೆಶಿಬಿರದ ಗೋಡೆ ಕೊರೆದು ಪಾರಾಗಿದ್ದರು. ಆದರೆ ಅಫ್ಘಾನ್ ಗಡಿಯ ಸಮೀಪದಲ್ಲಿ ಮತ್ತೆ ಸಿಕ್ಕಿಬಿದ್ದರು. ಆದರೂ ಆ ವರ್ಷದ ಡಿಸೆಂಬರ್‌ನಲ್ಲಿ ಮೂವರೂ ಇತರ ಕೈದಿಗಳೊಂದಿಗೆ ವಾಘಾ ಮೂಲಕ ಸ್ವದೇಶಕ್ಕೆ ಮರಳಿದರು. ಅವರ ಹೆಸರುಗಳು ಪಟ್ಟಿಯಲ್ಲಿದ್ದವು. ಪಟ್ಟಿಗೇ ಸೇರದವರ ಪಾಲಿಗೆ ಉಳಿದದ್ದು ಸುಳಿವುಗಳು ಮಾತ್ರ.

ಮೊದಲನೆಯ ಬಗೆಯವು ಅಚ್ಚಿನಲ್ಲಿ ಬಂದವು. 1971ರ ಡಿಸೆಂಬರ್ 27ರ ‘ಟೈಮ್’ ವಾರಪತ್ರಿಕೆಯಲ್ಲಿ ಕಂಬಿಗಳ ಹಿಂದೆ ನಿಂತ ಭಾರತೀಯ ಕೈದಿಯೊಬ್ಬನ ಛಾಯಾಚಿತ್ರ ಪ್ರಕಟವಾಯಿತು. ಅದು ಮೇಜರ್ ಎ. ಕೆ. ಘೋಷ್ ಎಂದು ಅವರ ಮನೆಯವರು ಗುರುತಿಸಿದರು. ಅದೇ ತಿಂಗಳು ಢಾಕಾದ ಆಂಗ್ಲ ಪತ್ರಿಕೆಯೊಂದು ಜೀವಂತವಾಗಿ ಸೆರೆಸಿಕ್ಕ ವಿಮಾನಚಾಲಕರಲ್ಲಿ ಫ್ಲೈಟ್ ಲೆಫ್ಟಿನೆಂಟ್ ‘ಟೋಂಬೆ’ ಎಂಬ ಹೆಸರನ್ನು ಮುದ್ರಿಸಿತ್ತು. ಫ್ಲೈಟ್ ಲೆಫ್ಟಿನೆಂಟ್ ವಿಜಯ ತಾಂಬೆಯವರ ಪತ್ನಿ, ಬ್ಯಾಡ್ಮಿಂಟನ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ದಮಯಂತಿ ತಾಂಬೆಯವರು ಆ ಒಂದು ಸಾಲನ್ನು ಹಿಡಿದು ದಶಕಗಳ ಕಾಲ ಹೋರಾಡಿದರು.

ಎರಡನೆಯ ಬಗೆ ಪತ್ರಗಳು. ಮೇಜರ್ ಅಶೋಕ್ ಸೂರಿಯವರ ತಂದೆಗೆ 1974 ಮತ್ತು 1975ರಲ್ಲಿ ಮಗನ ಕೈಬರಹದ ಚೀಟಿಗಳು ತಲುಪಿದವು. ಎರಡನೆಯದು ಕರಾಚಿಯಿಂದ ಬಂದದ್ದು. ತನ್ನೊಂದಿಗೆ ಇನ್ನೂ ಅಧಿಕಾರಿಗಳಿದ್ದಾರೆ ಎಂಬ ಮಾತು ಅದರಲ್ಲಿತ್ತು. ಕೈಬರಹವನ್ನು ಪರಿಶೀಲಿಸಿದ ಬಳಿಕ, ಮೃತರೆಂದು ಬರೆದಿದ್ದ ಅವರ ಹೆಸರಿನ ಮುಂದೆ ‘ಕಾಣೆಯಾದವರು’ ಎಂದು ತಿದ್ದಲಾಯಿತು.

ಮೂರನೆಯ ಬಗೆ ಪರರ ಸಾಕ್ಷ್ಯ. ಭುಟ್ಟೋ ಅವರ ವಿಚಾರಣೆಯನ್ನು ಕುರಿತು ಪತ್ರಕರ್ತೆ ವಿಕ್ಟೋರಿಯಾ ಸ್ಕೋಫೀಲ್ಡ್ ಬರೆದ ಪುಸ್ತಕದಲ್ಲಿ, ಲಾಹೋರಿನ ಕೋಟ್ ಲಖ್ಪತ್ ಸೆರೆಮನೆಯಲ್ಲಿ ಗೋಡೆಯಾಚೆಯಿಂದ ಕೇಳಿಬರುತ್ತಿದ್ದ ಭಾರತೀಯ ಕೈದಿಗಳ ಚೀರಾಟದ ಪ್ರಸ್ತಾಪವಿದೆ.

ಶಿವಾಜಿನಗರದ ಬ್ಯಾಂಕ್ ಶಾಖೆಯಲ್ಲಿ ಮಾದರಿ ಸಹಿಗಳನ್ನು ತಾಳೆ ನೋಡುತ್ತಲೇ ವರ್ಷಗಳನ್ನು ಕಳೆದ ನನಗೆ ಈ ಮೂರರ ತೂಕ ಒಂದೇ ಎನಿಸುವುದಿಲ್ಲ. ಕೇಳಿದ ಚೀರಾಟಕ್ಕೆ ಹೆಸರಿಲ್ಲ. ಛಾಯಾಚಿತ್ರಕ್ಕೆ ಮುಖವಿದ್ದರೂ ಸಹಿಯಿಲ್ಲ. ಮುದ್ರಿತ ಹೆಸರಿನಲ್ಲಿ ಅಕ್ಷರ ವ್ಯತ್ಯಾಸವಿದೆ. ಕೈಬರಹ, ದಿನಾಂಕ, ಸ್ಥಳ ಮೂರೂ ಇರುವ ಪತ್ರವೇ ಹೆಚ್ಚು ಬಲವಾದುದು. ಆದರೆ ಅದು ಕೂಡ ಆ ದಿನ ಆತ ಬದುಕಿದ್ದನೆಂದು ಹೇಳಬಲ್ಲದು. ಮರುದಿನದ ಮಾತನ್ನು ಹೇಳಲಾರದು. ಸುಳಿವನ್ನು ಪುರಾವೆಯೆಂದು ನಂಬುವುದೂ ತಪ್ಪು, ಪುರಾವೆಯಲ್ಲವೆಂದು ಎಸೆಯುವುದೂ ತಪ್ಪು. ಎದುರು ಪಕ್ಷದ ಪುಸ್ತಕದೊಡನೆ ತಾಳೆಯಾಗುವವರೆಗೆ ಅದನ್ನು ಕಾದಿಡಬೇಕು.

ಹಾಗೆ ಕಾದಿಟ್ಟದ್ದು ಫಲಿಸಿದ ಉದಾಹರಣೆ ನಮ್ಮ ಕೊಡಗಿನದೇ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ಮಿಸ್ಟೇರ್ ವಿಮಾನಗಳ ತಂಡದಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರೊಬ್ಬರು ಮರಳಲಿಲ್ಲ. ಅವರಿಗೆ ಏನಾಯಿತೆಂದು ಕಂಡವರಿರಲಿಲ್ಲ. ದಾಖಲೆಯಲ್ಲಿ ಅವರು ಕಾಣೆಯಾದವರು. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನಿ ವಾಯುಪಡೆಯ ದೃಷ್ಟಿಯಿಂದ ಬರೆದ ಪುಸ್ತಕದಲ್ಲಿ, ಅಂದು ಅವರ ಸ್ಟಾರ್‌ಫೈಟರ್ ವಿಮಾನವೊಂದು ಮಿಸ್ಟೇರ್‌ನೊಂದಿಗಿನ ಕಾಳಗದಲ್ಲಿ ಬಿದ್ದಿತೆಂಬ ಸಂಗತಿ ಬಂತು. ಮರಳಿ ಬಂದ ನಮ್ಮ ಚಾಲಕರಲ್ಲಿ ಯಾರೂ ಅಂಥ ಕಾಳಗವನ್ನು ಹೇಳಿರಲಿಲ್ಲ. ಎಂದರೆ ಅದು ದೇವಯ್ಯನವರದೇ ಆಗಿರಬೇಕು. ಎರಡು ಕಡೆಯ ಲೆಕ್ಕ ಹೀಗೆ ಕೂಡಿಬಂತು. ಆ ದಿನದ ದಳಪತಿಯಾಗಿದ್ದ ಒ. ಪಿ. ತನೇಜಾ ಅವರ ಒತ್ತಾಯವೂ ಸೇರಿ, 1988ರಲ್ಲಿ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ವೇಗದಲ್ಲಿ ತನಗಿಂತ ಎಷ್ಟೋ ಮಿಗಿಲಾದ ವಿಮಾನವನ್ನು ಕೆಡವಿದ ಸಾಹಸವು ಹೊರಬರಲು 23 ವರ್ಷಗಳು ಬೇಕಾದವು.

1971ರ ಕುಟುಂಬಗಳಿಗೆ ಅಂಥ ಎದುರು ಪುಸ್ತಕ ದೊರೆಯಲಿಲ್ಲ. 2007ರ ಜೂನ್‌ನಲ್ಲಿ 14 ಮಂದಿ ಬಂಧುಗಳು ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಸೆರೆಮನೆಗಳನ್ನು ಸುತ್ತಿದರೂ ತಮ್ಮವರನ್ನು ಕಾಣದೆ ಹಿಂದಿರುಗಿದರು. ತನ್ನಲ್ಲಿ ಯುದ್ಧಕೈದಿಗಳೇ ಇಲ್ಲವೆಂಬುದು ಪಾಕಿಸ್ತಾನದ ಉತ್ತರ. ಸೆರೆಸಿಕ್ಕಿರಬಹುದಾದ ಕಾಣೆಯಾದ ಯೋಧರ ಸಂಖ್ಯೆ 83 ಎಂದು 2019ರಲ್ಲಿ ನಮ್ಮ ಸರ್ಕಾರ ಸಂಸತ್ತಿಗೆ ತಿಳಿಸಿತು.

ಏಳು ವರ್ಷ ಸುದ್ದಿಯಿಲ್ಲದವನನ್ನು ಮೃತನೆಂದು ಭಾವಿಸಲು ಕಾನೂನಿನಲ್ಲಿ ಅವಕಾಶವಿದೆ. ಬ್ಯಾಂಕಿನಲ್ಲಿ ವಾರಸುದಾರರ ಅರ್ಜಿ ಬಂದಾಗ ಆ ನಿಯಮ ಉಪಯೋಗಕ್ಕೆ ಬರುತ್ತದೆ. ಖಾತೆ ಮುಗಿಯುತ್ತದೆ, ಹಣ ಸಲ್ಲುತ್ತದೆ. ಮನೆಯವರ ಪ್ರಶ್ನೆ ಮುಗಿಯುವುದಿಲ್ಲ. ಅಂದಿನ ಯೋಧರಲ್ಲಿ ಯಾರಾದರೂ ಇಂದು ಬದುಕಿದ್ದರೆ ಅವರಿಗೆ ಎಪ್ಪತ್ತು ಮೀರಿರುತ್ತದೆ. ಕಾದವರಲ್ಲಿ ತಂದೆತಾಯಿಯರ ತಲೆಮಾರು ಬಹುಪಾಲು ಕಣ್ಮುಚ್ಚಿದೆ. ಇನ್ನುಳಿದವರು ಕೇಳುತ್ತಿರುವುದು ಪವಾಡವನ್ನಲ್ಲ. ಎರಡೂ ದೇಶಗಳು 1971ರ ಶಿಬಿರ, ಆಸ್ಪತ್ರೆ, ಸೆರೆಮನೆ ಮತ್ತು ಸಮಾಧಿಗಳ ದಾಖಲೆಗಳನ್ನು ಪರಸ್ಪರ ತೆರೆದಿಟ್ಟರೆ, ದೇವಯ್ಯನವರ ವಿಷಯದಲ್ಲಿ ಆದಂತೆ ಇನ್ನೂ ಕೆಲವು ಹೆಸರುಗಳ ಮುಂದಿನ ಪ್ರಶ್ನೆಚಿಹ್ನೆ ಅಳಿಸಬಹುದು. ಅಷ್ಟನ್ನು ಕೇಳುವ ಹಕ್ಕು ಆ ಮನೆಗಳಿಗಿದೆ.