ಮುಂಭಾರ, ಹಿಂಭಾರ

ಬಳ್ಳಾರಿಯ ಸಮೀಪದ ಹಲಕುಂದಿಯಲ್ಲಿ ಬಂಡಿ ಹೂಡಿ ಬಲ್ಲ ರೈತನೊಬ್ಬನನ್ನು ಹೇರು ಹೇರುವ ಕ್ರಮವೇನೆಂದು ಕೇಳಿದರೆ, ಮುಂಭಾರ ಹಿಂಭಾರಗಳೆಂಬ ಎರಡು ಮಾತುಗಳಲ್ಲಿ ಅವನು ವಿಷಯವನ್ನೆಲ್ಲಾ ಮುಗಿಸಿಯಾನು. ಹೇರು ಅಚ್ಚಿನಿಂದ ಬಹಳ ಮುಂದಾದರೆ ನೊಗವು ಎತ್ತಿನ ಹೆಗಲನ್ನು ಅದುಮುವುದು. ಹಿಂದಾದರೆ ಮೂಕಿಯು ಮೇಲೆದ್ದು, ಕೊರಳ ಹಗ್ಗವು ಗಂಟಲನ್ನು ಬಿಗಿಯುವುದು. ಮೋಟಾರಿನ ಹಿಂದೆ ಎರಡು ಗಾಲಿಯ ಮನೆಗಾಡಿಯನ್ನು ಕಟ್ಟಿಕೊಂಡು ಪ್ರವಾಸ ಹೊರಡುವ ನಾಗರಿಕರಿಗೂ, ಟ್ರಾಕ್ಟರಿನ ಹಿಂದೆ ಭತ್ತವನ್ನು ಸಾಗಿಸುವ ಸಿರುಗುಪ್ಪದ ರೈತರಿಗೂ ಇದೇ ನಿಯಮವು ಅನ್ವಯಿಸುತ್ತದೆ. ಆದರೆ ಭೇದವೊಂದುಂಟು. ಎತ್ತು ಹೊರಟ ಕ್ಷಣದಲ್ಲಿಯೇ ತನ್ನ ಸಂಕಟವನ್ನು ತೋರಿಸುತ್ತದೆ. ಮೋಟಾರು ಪೂರ್ಣವೇಗಕ್ಕೆ ಬರುವವರೆಗೂ ಸುಮ್ಮನಿರಬಹುದು.

ಇಲ್ಲಿರುವುದು ಸನ್ನೆಯ ತತ್ತ್ವವೇ. ಗಾಡಿಯ ಒಟ್ಟು ತೂಕವು 1000 ಕಿಲೋಗ್ರಾಂ, ಅಚ್ಚಿನಿಂದ ಕೊಕ್ಕೆಗೆ ಇರುವ ದೂರವು 2.5 ಮೀಟರು ಎಂದಿಟ್ಟುಕೊಳ್ಳೋಣ. ಭಾರಕೇಂದ್ರವು ಅಚ್ಚಿಗಿಂತ 25 ಸೆಂಟಿಮೀಟರು ಮುಂದಿದ್ದರೆ ಕೊಕ್ಕೆಯ ಮೇಲೆ 100 ಕಿಲೋಗ್ರಾಂ ಬೀಳುತ್ತದೆ. ಭಾರಕೇಂದ್ರವು ಅಚ್ಚಿನ ನೇರಕ್ಕೆ ಸರಿದರೆ ಆ ಭಾರವು ಶೂನ್ಯವಾಗುತ್ತದೆ; ಇನ್ನೂ ಹಿಂದೆ ಸರಿದರೆ ಗಾಡಿಯು ಮೋಟಾರಿನ ಹಿಂಭಾಗವನ್ನೇ ಮೇಲಕ್ಕೆತ್ತುತ್ತದೆ. ಒಂದು ಗೇಣಿನ ಅಂತರವೇ ಇಷ್ಟು ಮಾಡುತ್ತದೆಯಲ್ಲವೇ!

ಹಿಂಭಾರದ ಗಾಡಿಯು ಗಾಳಿಯ ಒಂದು ತಳ್ಳಿಗೆ ಪಕ್ಕಕ್ಕೆ ಓಲಾಡತೊಡಗುತ್ತದೆ. ವೇಗವು ಹೆಚ್ಚಿದಷ್ಟೂ ಓಲಾಟವು ಅಡಗದೆ ಬೆಳೆದು, ಕಡೆಗೆ ಮೋಟಾರನ್ನೂ ಎಳೆದುಕೊಂಡು ಉರುಳಬಹುದು. ಮುಂಭಾರವು ಅತಿಯಾದರೂ ಕ್ಷೇಮವಿಲ್ಲ: ಮೋಟಾರಿನ ಹಿಂಭಾಗವು ಕುಸಿದು, ಮುಂದಿನ ಗಾಲಿಗಳು ಹಗುರಾಗಿ, ಚುಕ್ಕಾಣಿಯ ಹಿಡಿತವು ಸಡಿಲವಾಗುತ್ತದೆ. ಆದುದರಿಂದಲೇ ಅಮೆರಿಕದಲ್ಲಿ ಒಟ್ಟು ತೂಕದ ನೂರಕ್ಕೆ 10ರಿಂದ 15ರಷ್ಟೂ, ಬ್ರಿಟನ್ನಿನಲ್ಲಿ ನೂರಕ್ಕೆ 5ರಿಂದ 7ರಷ್ಟೂ ಕೊಕ್ಕೆಯ ಮೇಲಿರಬೇಕೆಂದು ಸಾಮಾನ್ಯವಾಗಿ ಹೇಳುತ್ತಾರೆ. ಮೋಟಾರಿನ ಕೈಪಿಡಿಯಲ್ಲಿ ಕೊಟ್ಟ ಮಿತಿಯನ್ನು ಮಾತ್ರ ಎಂದಿಗೂ ಮೀರಲಾಗದು.

ಭಾರವಾದ ಪೆಟ್ಟಿಗೆಗಳನ್ನು ಅಚ್ಚಿನ ಆಸುಪಾಸಿನಲ್ಲಿ, ನೆಲಮಟ್ಟದಲ್ಲಿ, ಎಡಬಲಗಳಿಗೆ ಸಮವಾಗಿರಿಸಿ ಕಟ್ಟಬೇಕು. ಕಡೆಯಲ್ಲಿ ನೆನಪಾದ ನೀರಿನ ಪೀಪಾಯಿಯನ್ನು ಹಿಂಬಾಗಿಲಿಗೆ ಒರಗಿಸಿಡುವುದೇ ದೊಡ್ಡ ತಪ್ಪು. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಕೊಕ್ಕೆಯ ಕೆಳಗೆ ತೂಕದ ಯಂತ್ರವನ್ನಿಟ್ಟು ನೋಡಿಯೇ ಹೊರಡಬೇಕು. ದಾರಿಯಲ್ಲಿ ಓಲಾಟವು ಕಾಣಿಸಿಕೊಂಡರೆ ವೇಗವನ್ನು ಹೆಚ್ಚಿಸದೆ, ಚಕ್ರವನ್ನು ಅತ್ತಿತ್ತ ತಿರುಗಿಸದೆ, ನೇರವಾಗಿ ಹಿಡಿದು ಮೆಲ್ಲಮೆಲ್ಲನೆ ವೇಗವನ್ನಿಳಿಸಬೇಕು. ಅನಂತರ ನಿಂತು ಹೇರನ್ನು ಸರಿಪಡಿಸಬೇಕು.

ಬಾಯಿಲ್ಲದ ಎತ್ತಿನ ಕೊರಳನ್ನು ನೋಡಿ ರೈತನು ಹೇರನ್ನು ಮುಂದಕ್ಕೆ ಸರಿಸುತ್ತಿದ್ದನು. ಯಂತ್ರಕ್ಕೆ ಕೊರಳೂ ಇಲ್ಲ. ಆದುದರಿಂದ ಆ ಎಚ್ಚರವನ್ನು ನಾವೇ ಮನೆಯಂಗಳದಲ್ಲಿ ತೂಗಿ ತಿಳಿಯಬೇಕಾಗಿದೆ.